ಹದಿನಾಲ್ಕು ಸಾವಿರ ಹೆಜ್ಜೆ ನಡೆದ ತೊಟ್ಟಿಲು

ನಮ್ಮ ಬಡಾವಣೆಯ ನಾಡಿ ಹಿಡಿದು ಕೂತಿರುವ ಆರೋಗ್ಯ ಜಾಗೃತಿ ಅಧಿಕಾರಿಗಳಿಗೆ,

ಮಾನ್ಯರೇ,

ಈಗ ರಾತ್ರಿ ಎರಡು ಗಂಟೆ ನಲವತ್ತು ನಿಮಿಷ. ತಾವು ಮನೆಮನೆಗೂ ದಯಪಾಲಿಸಿದ ಹೆಜ್ಜೆ ಎಣಿಸುವ ಬ್ಯಾಂಡು ಟಿಣ್ ಟಿಣ್ ಎಂದು ಹಾಡಿ, ಇನ್ನೊಂದು ಸಾವಿರ ಹೆಜ್ಜೆ ಮುಗಿಸಿದ್ದಕ್ಕೆ ನಮ್ಮ ಮನೆಯವರನ್ನು ಅಭಿನಂದಿಸಿತು. ಅಭಿನಂದನೆಗೆ ಪಾತ್ರರಾದವರು ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದಾರೆ. ಎಚ್ಚರವಾದದ್ದು ಏಳು ತಿಂಗಳ ಮಗಳಿಗೆ ಮತ್ತು ನನಗೆ.

ಬ್ಯಾಂಡು ತೊಟ್ಟಿಲಿನ ಕಂಬಿಯಲ್ಲಿದೆ, ಸ್ವಾಮಿ. ಅದರ ಹಸಿರು ದೀಪ ಕಂಡರೆ ಮಗಳು ನಗುತ್ತಾಳೆಂದು ಇವರೇ ಒಂದು ದಿನ ಕಟ್ಟಿದರು; ಬಿಚ್ಚಿದರೆ ಅವಳು ಮನೆಯನ್ನೇ ತಲೆಯ ಮೇಲೆ ಹೊರುತ್ತಾಳೆ. ನಾನು ತೂಗುತ್ತೇನೆ, ಅದು ಎಣಿಸಿ ಇವರ ಹೆಸರಿನಲ್ಲಿ ತಮಗೆ ಲೆಕ್ಕ ಕಳಿಸುತ್ತದೆ. ಸಾವಿರವಾದರೆ ಹಾಡುತ್ತದೆ, ಮಗಳು ಏಳುತ್ತಾಳೆ, ನಾನು ಮತ್ತೆ ತೂಗುತ್ತೇನೆ. ಇಷ್ಟು ಅಚ್ಚುಕಟ್ಟಾಗಿ ನಡೆಯುವ ಸರ್ಕಾರಿ ಯೋಜನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ಈ ಲೆಕ್ಕ ನೋಡಿ ಇವರೂ ನಕ್ಕರು. ಆದರೆ ಸೋಮವಾರ ತಾವು ವಾಟ್ಸಾಪ್ ಗುಂಪಿನಲ್ಲಿ, ದಿನಕ್ಕೆ ಹದಿನಾಲ್ಕು ಸಾವಿರ ಹೆಜ್ಜೆಯ ಇವರ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿ, "ಇವರನ್ನು ನೋಡಿ ಕಲಿಯಿರಿ" ಎಂದು ಬರೆದಿರಲ್ಲ, ಅಂದಿನಿಂದ ನಗು ನಿಂತಿತು. ಬೆಳಗಿನಿಂದ ಸಂಜೆಯವರೆಗೆ ಕಿಂಡಿಯ ಹಿಂದೆ ಕೂತು ಟಿಕೆಟ್ ಕೊಡುವ ಗುಮಾಸ್ತರಾದ ಇವರು ಈಗ ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಾರೆ. ನಮ್ಮತ್ತೆ ಮಾತ್ರ, "ನೀರಿನ ಲೋಟ ತಗೊಳ್ಳೋಕೂ ನನ್ನನ್ನೇ ಕರೀತಾನೆ, ಇವನು ಯಾವಾಗಮ್ಮ ಇಷ್ಟೆಲ್ಲ ನಡೆದ?" ಎಂದು ಕೇಳಿ ಮಗನ ಮುನಿಸಿಗೆ ಗುರಿಯಾಗಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ನಾನೂ ಚಪ್ಪಾಳೆ ತಟ್ಟಿ ಸುಮ್ಮನಿರುತ್ತಿದ್ದೆ. ಇವರಿಗೆ ರಕ್ತದೊತ್ತಡವಿದೆ. ಉಪ್ಪು ಕಡಿಮೆ ಮಾಡಿ, ದಿನಾ ಮಾತ್ರೆ ನುಂಗಿ, ಅರ್ಧ ಗಂಟೆ ನಿಧಾನವಾಗಿ ನಡೆಯಿರಿ, ಓಡುವ ಯೋಚನೆ ಬಂದರೆ ಮೊದಲು ನನ್ನನ್ನು ಕೇಳಿ ಎಂದು ಡಾಕ್ಟರು ಹೋದ ತಿಂಗಳಷ್ಟೇ ಹೇಳಿದ್ದರು. ಸೋಮವಾರದಿಂದ ಮಾತ್ರೆಯ ಹಾಳೆ ಹಾಗೇ ಇದೆ. ಕೇಳಿದರೆ, "ಇಷ್ಟು ನಡೆಯೋನಿಗೆ ಮಾತ್ರೆ ಯಾಕೆ ಕಣೇ? ಸಾಹೇಬ್ರೇ ಒಪ್ಪಿದಾರೆ, ನೀನೇನು ಅವರಿಗಿಂತ ದೊಡ್ಡವಳಾ?" ಎನ್ನುತ್ತಾರೆ. ಎರಡನೇ ಮಹಡಿ ಹತ್ತುವಷ್ಟರಲ್ಲಿ ಕಂಬಿ ಹಿಡಿದು ಏದುಸಿರು ಬಿಡುವ ಇದೇ ಮನುಷ್ಯನನ್ನು ತಾವು ಇವತ್ತು ಬೆಳಿಗ್ಗೆ ಆರಕ್ಕೆ ಶುರುವಾಗುವ ಐದು ಕಿಲೋಮೀಟರ್ ಆರೋಗ್ಯ ಓಟದ ಮುಂದಾಳಾಗಿ ನೇಮಿಸಿದ್ದೀರಿ.

ಆದ್ದರಿಂದ ನನ್ನ ಸಣ್ಣ ಬೇಡಿಕೆಗಳನ್ನು ಮನ್ನಿಸಬೇಕು. ಓಟವನ್ನು ನಮ್ಮ ಮಂಚದಿಂದ ಅಡುಗೆಮನೆಯ ಬಾಗಿಲಿನವರೆಗೆ ಮೊಟಕುಗೊಳಿಸಿ. ಅದಾಗದಿದ್ದರೆ ನಾಲ್ಕು ಜನರನ್ನು ಕಳಿಸಿ ತೊಟ್ಟಿಲನ್ನೇ ಹೊತ್ತೊಯ್ದು ಸಾಲಿನ ಮುಂದೆ ನಿಲ್ಲಿಸಿ. ದಾಖಲೆ ಅದರದೇ, ಪದಕವೂ ಅದಕ್ಕೇ ಸಲ್ಲಲಿ. ದಿನಕ್ಕೆ ಎಂಟು ಗಂಟೆ ನಿದ್ರೆ ಮಾಡಿ ಎಂದು ನಿನ್ನೆ ಕಳಿಸಿದ ಚಿತ್ರವನ್ನು ನನ್ನ ಮಟ್ಟಿಗಾದರೂ ಹಿಂಪಡೆದರೆ ಇನ್ನೂ ಉಪಕಾರ.

ತಮ್ಮ ಕಚೇರಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಹತ್ತು ಗಂಟೆಯ ನಂತರ ಕರೆ ಮಾಡಿ ಎಂದು ಒಂದು ಹೆಣ್ಣುದನಿ ಬಲು ವಿನಯದಿಂದ ಹೇಳುತ್ತಿದೆ. ಅಷ್ಟು ಹೊತ್ತಿಗೆ ಓಟ ಮುಗಿದು, ಏನಾಗಬೇಕೋ ಅದೂ ಆಗಿರುತ್ತದೆ. ಹೊತ್ತಲ್ಲದ ಹೊತ್ತಿನಲ್ಲೂ ತಾವು ಗುಂಪಿಗೆ ಸೊಪ್ಪು ತರಕಾರಿಯ ಚಿತ್ರ ಹಾಕುವುದರಿಂದ, ಮುನ್ನೂರು ಜನರ ಕಣ್ಣೆದುರೇ ಇದನ್ನು ಬರೆಯಬೇಕಾಯಿತು.

ತಮ್ಮ ಜಾಗೃತಿಯಿಂದ ಸದಾ ಜಾಗೃತಳಾಗಿರುವ,
ತಮ್ಮ ವಿಶ್ವಾಸಿ,
ಪಟ್ಟಿಯ ಮೊದಲನೆಯವರ ಹೆಂಡತಿ

ತಾ.ಕ.: ಗುಂಪಿನಲ್ಲಿ ಹಾಕಿದ ಕೂಡಲೇ ಈ ಪತ್ರಕ್ಕೆ ತಾವು ಮೆಚ್ಚುಗೆಯ ಹೆಬ್ಬೆರಳಿನ ಗುರುತು ಒತ್ತಿದ್ದನ್ನು ಕಂಡೆ. ಅಂದರೆ ಎದ್ದಿದ್ದೀರಿ. ಹೆಬ್ಬೆರಳು ಬೇಡ ಸಾರ್, ಬಾಯಿ ಬೇಕು. ನನ್ನ ಮಾತು ಇವರ ಕಿವಿಗೆ ಹೋಗುವುದಿಲ್ಲ, ನಿಮ್ಮದು ಹೋಗುತ್ತದೆ. ಓಡಬೇಡಪ್ಪಾ, ಮಾತ್ರೆ ತಗೊಂಡು ಡಾಕ್ಟರ ಹತ್ತಿರ ಹೋಗು, ಇಷ್ಟೇ ಹೇಳಿ. ಐದಕ್ಕೆ ಶೂ ಹಾಕಿಕೊಳ್ಳುತ್ತಾರೆ. ಅದಕ್ಕೂ ಮೊದಲು, ದಯವಿಟ್ಟು, ಫೋನ್ ಮಾಡಿ.