ನಾಲ್ಕು ಗುಂಡು, ಎಪ್ಪತ್ತೆರಡು ಮೆಟ್ಟಿಲು

ಸುಳ್ಳೇನೂ ಅಂಥ ದೊಡ್ಡದಾಗಿರಲಿಲ್ಲ. ಒಂದು ಲೋಟದಷ್ಟಿತ್ತು, ಅದೂ ಕಾಫಿ ಲೋಟ.

ಹೇಳಿದವನು ಲಿಫ್ಟಣ್ಣ. ಹನ್ನೆರಡು ಮಹಡಿಯ ಕಚೇರಿಯೊಂದರ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಿಂದ ಎಷ್ಟೋ ಜನರನ್ನು ಮೇಲಕ್ಕೆ ತಂದಿದ್ದಾನೆ, ತಾನು ಮಾತ್ರ ಸ್ಟೂಲಿನಿಂದ ಮೇಲೇರಿಲ್ಲ. ಆ ಕೆಲಸಕ್ಕೊಂದು ಧರ್ಮವಿದೆ. ಯಾರು ಏನು ಹೇಳಿದರೂ ಹೌದು ಅನ್ನಬೇಕು. ಮೂರರಲ್ಲಿ ಹತ್ತಿದವರು ಸೆಕೆ ಅಂದರೆ ಸೆಕೆ, ಏಳರಲ್ಲಿ ಹತ್ತಿದವರು ಚಳಿ ಅಂದರೆ ಚಳಿ. ‘ನಮ್ಮ ಮಾವನೋರು ಗೊತ್ತಲ್ಲ’ ಅಂದರೆ ‘ಗೊತ್ತಿಲ್ದೆ ಏನು ಸಾರ್, ದೇವರಂಥ ಮನುಷ್ಯ’ ಅನ್ನಬೇಕು. ಬಾಗಿಲು ತೆರೆದ ಕೂಡಲೇ ಅವರೂ ಇಳಿದುಹೋಗುತ್ತಾರೆ, ಸುಳ್ಳೂ ಇಳಿದುಹೋಗುತ್ತದೆ. ಹೀಗಾಗಿ ಲಿಫ್ಟಣ್ಣನ ಯಾವ ಸುಳ್ಳೂ ನಲವತ್ತು ಸೆಕೆಂಡಿಗಿಂತ ಹೆಚ್ಚು ಬದುಕಿದ್ದಿಲ್ಲ.

ಆದರೆ ಅವನು ವಾಸವಿದ್ದ ಕಟ್ಟಡಕ್ಕೆ ಲಿಫ್ಟಿರಲಿಲ್ಲ. ನಾಲ್ಕನೇ ಮಹಡಿ, ಎಪ್ಪತ್ತೆರಡು ಮೆಟ್ಟಿಲು. ಹೆಂಡತಿಯ ಮಂಡಿ ಕೈಕೊಟ್ಟು ಮೂರು ತಿಂಗಳಾಗಿತ್ತು. ಡಾಕ್ಟರು ಮೆಟ್ಟಿಲು ಮುಟ್ಟಲೇಬಾರದು ಎಂದಿದ್ದರು. ಅಂದಿನಿಂದ ಅವಳು ಕಿಟಕಿಯಲ್ಲಿ ಕೂತು, ತರಕಾರಿಗೆ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟು, ಅಂಗಳದಲ್ಲಿ ಓಡಾಡುವವರ ನೆತ್ತಿ ನೋಡುತ್ತಿದ್ದಳು. ಬೈತಲೆ ನೋಡಿ ಹೆಂಗಸರನ್ನು, ಬೋಳು ನೋಡಿ ಗಂಡಸರನ್ನು ಗುರುತು ಹಿಡಿಯುವಷ್ಟು ಪಳಗಿದ್ದಳು. ಒಂದು ದಿನ ಮಾತ್ರ ಮೆಲ್ಲಗೆ, “ನಂಗೆ ಯಾರದಾದ್ರೂ ಮುಖ ನೋಡಬೇಕು ಕಣ್ರೀ” ಅಂದಿದ್ದಳು. ಆ ಮಾತು ಲಿಫ್ಟಣ್ಣನ ಎದೆಯಲ್ಲಿ ಕೆಟ್ಟುನಿಂತ ಲಿಫ್ಟಿನ ಹಾಗೆ ನಿಂತುಬಿಟ್ಟಿತ್ತು.

ಹೀಗಿರುವಾಗ ನೆಲಮಹಡಿಯ ಗಡಿಯಾರದಜ್ಜ ತೀರಿಕೊಂಡ. ಗಡಿಯಾರ ರಿಪೇರಿಯ ಒಂಟಿ ಮುದುಕ. ಮನೆ ಅವನ ತಂಗಿಯ ಪಾಲಿಗೆ ಬಂತು. ಆಕೆ ನಿವೃತ್ತ ಹೆಡ್ ನರ್ಸು, ಎಲ್ಲರ ಬಾಯಲ್ಲೂ ನರ್ಸಮ್ಮ. ಹದಿನೈದನೇ ದಿನ, ಭಾನುವಾರ ಸಂಜೆ ಆರಕ್ಕೆ, ಅಣ್ಣನ ನೆನಪಿಗೊಂದು ಸಣ್ಣ ಸಭೆ ಮಾಡಿ, ಅಲ್ಲೇ ಈ ಕಟ್ಟಡದ ಒಬ್ಬರಿಗೆ ಮನೆಯ ಬೀಗದಕೈ ಕೊಟ್ಟುಹೋಗುತ್ತೇನೆ ಎಂದು ಅವರು ಹೇಳಿಕಳಿಸಿದ್ದರು.

ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಲಿಫ್ಟಣ್ಣ ಹಾಲು ತರಲು ಕೆಳಗಿಳಿದ. ನರ್ಸಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸೋಡಾ ಮಾಡುವ ದಪ್ಪ ಗಾಜಿನ ಸೈಫನ್ ಬಾಟಲಿ, ಅದಕ್ಕೊಂದು ಉಕ್ಕಿನ ಮೂತಿ, ಮೂತಿಗೊಂದು ಹಿಡಿ. ಅಣ್ಣ ದಿನಾ ಸಂಜೆ ಆರಕ್ಕೆ ಇದರಲ್ಲೇನೋ ಮಾಡಿ ಸೋಡಾ ಕಾಫಿ ಕುಡಿಯುತ್ತಿದ್ದ, ನಿಮಗೆ ಗೊತ್ತಿರಬೇಕು ಅಂದರು.

ಹತ್ತೊಂಬತ್ತು ವರ್ಷದ ಅಭ್ಯಾಸ ಬಾಯಿಗೆ ಬಂತು. “ಗೊತ್ತಿಲ್ದೆ ಏನಮ್ಮ. ಎಷ್ಟು ಸಲ ಜೊತೇಲಿ ಕೂತು ಕುಡಿದಿದ್ದೀವಿ. ಕೊನೆಕೊನೆಗೆ ಅಜ್ಜನಿಗೆ ಕೈ ನಡುಗ್ತಿತ್ತಲ್ಲ, ನಾನೇ ಮಾಡಿಕೊಡ್ತಿದ್ದೆ.”

ನಿಜ ಹೇಳಬೇಕೆಂದರೆ ಅವನು ಆ ಮನೆಯ ಹೊಸ್ತಿಲು ದಾಟಿದ್ದು ಒಂದೇ ಸಲ, ಕೆಟ್ಟ ಅಲಾರಂ ಕೊಡಲು. ಅದೂ ವಾಪಸ್ಸು ಬಂದಿರಲಿಲ್ಲ.

ಬಾಗಿಲು ತೆರೆದು ನರ್ಸಮ್ಮ ಇಳಿದುಹೋಗಲಿಲ್ಲ. ಅವರ ಕಣ್ಣು ತುಂಬಿತು. “ನಂಗೇ ಹೇಳಿಕೊಡ್ಲಿಲ್ಲ ಅವನು. ಅಡುಗೆಮನೆ ಬಾಗಿಲು ಹಾಕ್ಕೊಂಡು ಮಾಡೋನು. ನಿಮಗೆ ಕಲಿಸಿದ್ನಾ?” ಅಂದು ಬಾಟಲಿಯನ್ನೂ ಒಂದು ಚಿಕ್ಕ ಡಬ್ಬಿಯನ್ನೂ ಅವನ ಕೈಗಿಟ್ಟರು. ಡಬ್ಬಿಯಲ್ಲಿ ಹೆಬ್ಬೆರಳ ಗಾತ್ರದ ನಾಲ್ಕು ಉಕ್ಕಿನ ಗುಂಡುಗಳಿದ್ದವು. ಒಂದೊಂದರಲ್ಲೂ ಒಂದು ಸಲಕ್ಕಾಗುವಷ್ಟು ಗ್ಯಾಸು. “ಸಂಜೆ ಅವನ ಫೋಟೋ ಮುಂದೆ ನೀವೇ ಮಾಡಿಕೊಡಿ. ಇಲ್ಲಿ ಫ್ರಿಜ್ ಕೆಟ್ಟಿದೆ, ಐಸು ಮೇಲಿಂದ ತನ್ನಿ.”

ಲಿಫ್ಟಣ್ಣ ಹಾಲು ಮರೆತು ಬಾಟಲಿ ಹೊತ್ತು ಮೇಲೆ ಬಂದ. ಹೆಂಡತಿ ಎಲ್ಲ ಕೇಳಿಸಿಕೊಂಡಳು. ಬುರುಡೆ ಬಿಡುವುದಕ್ಕೂ ಬಾಟಲಿ ಬಿಡುವುದಕ್ಕೂ ವ್ಯತ್ಯಾಸವಿದೆ ಎಂದಷ್ಟೇ ಹೇಳಿ, ಇದ್ದ ಹಾಲಿನಲ್ಲೇ ಒಂದು ಪಾತ್ರೆ ಕಾಫಿ ಮಾಡಿಕೊಟ್ಟಳು. ಅವನು ಬಿಸಿಬಿಸಿ ಹಾಲುಕಾಫಿಯನ್ನು ಬಾಟಲಿಯ ಕತ್ತಿನತನಕ ತುಂಬಿ, ಮೊದಲನೆಯ ಗುಂಡನ್ನು ಮೂತಿಗೆ ತಿರುಪಿ, ಲೋಟ ಹಿಡಿದು ಹಿಡಿ ಒತ್ತಿದ.

ಕಾಫಿ ಲೋಟಕ್ಕೆ ಬರಲಿಲ್ಲ. ಬೆಂಕಿ ಆರಿಸಲು ಹೊರಟಂತೆ ಗೋಡೆಗೆ ಹೋಯಿತು, ಅಲ್ಲಿಂದ ಸೂರಿಗೆ, ಸೂರಿನಿಂದ ಲಿಫ್ಟಣ್ಣನ ಕತ್ತಿನೊಳಗೆ. ಫ್ಯಾನು ತಿರುಗುತ್ತಿದ್ದರಿಂದ ಉಳಿದದ್ದನ್ನು ಅದು ಮನೆಮಂದಿಗೆಲ್ಲ ಸಮನಾಗಿ ಹಂಚಿತು. ಹೆಂಡತಿ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. “ಕೆಳಗಿನ ಮನೆ ಕೇಳಿದ್ರೆ ಮೇಲಿನ ಸೂರಿಗೆ ಕೊಟ್ರಲ್ಲ.”

ಸದ್ದಿಗೆ ಎರಡನೇ ಮಹಡಿಯ ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರು ಹತ್ತಿ ಬಂದರು. ಕಪ್ಪುಹಲಗೆ ಕಾಣದೆ ಹತ್ತು ವರ್ಷವಾಗಿದ್ದವರು. ಅವರು ಗೋಡೆಯ ಕಲೆಗಳನ್ನು ತೋರುಬೆರಳಿನಿಂದ ಪರೀಕ್ಷಿಸಿ, “ಅನಿಲವು ಬಿಸಿ ದ್ರವದಲ್ಲಿ ಕರಗುತ್ತದೆಯೋ, ತಣ್ಣನೆಯ ದ್ರವದಲ್ಲೋ? ಯಾರು ಹೇಳ್ತೀರಿ?” ಅಂದರು. ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದುದರಿಂದ ಇಬ್ಬರೂ ತಲೆ ತಗ್ಗಿಸಿದರು. ಮೇಷ್ಟ್ರು ಹಾಲು ಬಿಡಿಸಿದರು, ಸಕ್ಕರೆ ಬಿಡಿಸಿದರು, ಕರಿ ಕಾಫಿಯನ್ನು ಎರಡು ಗಂಟೆ ಫ್ರಿಜ್ಜಿನಲ್ಲಿಡಿಸಿ, ಆ ಎರಡು ಗಂಟೆಯೂ ಪಾಠ ಮಾಡಿದರು. ಕೊನೆಗೆ ಕಿಟಕಿಯ ಪಕ್ಕ ನಿಂತು ಗಟ್ಟಿಯಾಗಿ, “ಈಗ ಇನ್ನೊಂದು ಗುಂಡು ಹಾಕಿ” ಎಂದು ಅಪ್ಪಣೆ ಕೊಟ್ಟರು. ಎದುರು ಮನೆಯಾಕೆ, ಮೇಷ್ಟ್ರಾದವರು ಹಾಡಹಗಲೇ ಹೀಗಾ ಎಂದು ಕಿಟಕಿ ಮುಚ್ಚಿಕೊಂಡಳು.

ಈ ಸಲ ಕಾಫಿ ಲೋಟಕ್ಕೇ ಬಂತು. ಆದರೆ ಬರೀ ನೊರೆ. ಮೂರು ಲೋಟ ತುಂಬಿ, ಮೇಜಿನ ಮೇಲೆ ಹರಿದು, ಮೇಷ್ಟ್ರ ಪಂಚೆಯವರೆಗೂ ನೊರೆ. ಹತ್ತು ನಿಮಿಷ ಕಾದ ಮೇಲೆ ಲೋಟದ ತಳದಲ್ಲಿ ಒಂದೊಂದು ಚಮಚ ಕಾಫಿ ಉಳಿಯಿತು. ಮೇಷ್ಟ್ರ ಎರಡು ಗಂಟೆಯ ಪಾಠದಲ್ಲೂ ಅಷ್ಟೇ ಉಳಿದಿತ್ತು. ಸಿದ್ಧಾಂತ ಸರಿಯಾಗಿದೆ, ಕಾಫಿಯೇ ಶಿಸ್ತು ಕಲಿತಿಲ್ಲ ಎಂದು ಅವರು ಇಳಿದುಹೋದರು.

ಮಧ್ಯಾಹ್ನ ಮೂರನೇ ಮಹಡಿಯ ದರ್ಜಿ ಬಂದ. ಕತ್ತಿನಲ್ಲಿ ಟೇಪು, ಕಣ್ಣಿನಲ್ಲಿ ಅಳತೆ. ಕೆಳಗಿನ ಮನೆಯಲ್ಲಿ ಅಂಗಡಿ ತೆರೆಯಬೇಕೆಂದು ಅವನಿಗೂ ಆಸೆಯಿತ್ತೆಂಬುದು ಕಟ್ಟಡಕ್ಕೆಲ್ಲ ಗೊತ್ತು. ಆದರೂ ಅವನ ದನಿ ಅಸ್ತರಿನಷ್ಟು ಮೆತ್ತಗಿತ್ತು.

“ಲಿಫ್ಟಣ್ಣ, ಬಟ್ಟೆ ಸಾಲ್ದಿದ್ರೆ ತೇಪೆ ಹಾಕಬೇಕಪ್ಪ. ಕಾಫಿ ಆಗ್ಲಿಲ್ವಾ, ಚಹಾ ಮಾಡು. ಶುಂಠಿ, ನಿಂಬೆ, ಸಕ್ಕರೆಪಾಕ. ಮದುವೆ ಪಾರ್ಟಿಗಳಲ್ಲಿ ಇದಕ್ಕೇ ಕಾಕ್‌ಟೈಲು ಅಂತ ಹೆಸರಿಟ್ಟು ಕೊಡ್ತಾರೆ.”

ಅವನೇ ಶುಂಠಿ ಜಜ್ಜಿ ಹಾಕಿ ಪಾಕ ಕಾಯಿಸಿದ, ಅವನೇ ಚಹಾ ಸೋಸಿದ, ಅವನೇ ಮೂರನೆಯ ಗುಂಡು ತಿರುಪಿದ. ಚೆನ್ನಾಗಿ ಬೆರೆಯಲಿ ಎಂದು ಬಾಟಲಿಯನ್ನು ತಲೆಕೆಳಗು ಮಾಡಿ ಕುಲುಕಿ, ಹಾಗೇ ಹಿಡಿ ಒತ್ತಿದ. ಗ್ಯಾಸೆಲ್ಲ ಸುಯ್ಯೆಂದು ಹೊರಗೆ ಹೋಯಿತು, ಚಹಾ ಒಳಗೇ ಉಳಿಯಿತು. ‘ಅಯ್ಯೋ, ಕೈತಪ್ಪಿಹೋಯ್ತಲ್ಲ’ ಎಂದು ಹಲುಬುತ್ತ ದರ್ಜಿ ಇಳಿದುಹೋದ. ಮೂವತ್ತು ವರ್ಷ ಒಂದು ಗುಂಡಿ ತಪ್ಪದೆ ಹೊಲಿದವನ ಕೈ ಇವತ್ತೇ ಹೇಗೆ ತಪ್ಪಿತು ಎಂದು ಲಿಫ್ಟಣ್ಣನಿಗೆ ಹೊಳೆಯುವಷ್ಟರಲ್ಲಿ ಐದೂವರೆಯಾಗಿತ್ತು.

ಉಳಿದದ್ದು ಒಂದು ಗುಂಡು. ಕಾಫಿಪುಡಿಯ ಡಬ್ಬಿ ಖಾಲಿ. ಬಾಟಲಿಯ ಚಹಾ ಕಹಿಯಾಗಿತ್ತು, ಚೆಲ್ಲಿದ ಮೇಲೆ ತುಂಬಲು ಬೇರೇನೂ ಇರಲಿಲ್ಲ. ಲಿಫ್ಟಣ್ಣ ಸೂರಿನ ಕಲೆ ನೋಡುತ್ತ ಕೂತ. ಹೆಂಡತಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ತನ್ನ ಸಂಜೆಯ ಕಾಫಿಗೆಂದು ಮುಚ್ಚಿಟ್ಟಿದ್ದ ಅರ್ಧ ಲೋಟ ಗಟ್ಟಿ ಡಿಕಾಕ್ಷನ್ ತಂದು ಅವನ ಮುಂದಿಟ್ಟಳು. ದಿನಕ್ಕೆ ಅದೊಂದೇ ಅವಳ ಐಷಾರಾಮ.

“ಬಾಟಲಿಗೆ ಬರೀ ನೀರೇ ತುಂಬ್ಕೊಳ್ಳಿ. ಬಣ್ಣಕ್ಕೆ ಇದನ್ನ ಮೇಲೆ ಎರಡೆರಡು ಚಮಚ ಬಿಡಿ. ಏನೋ ಒಂದು ಆಗುತ್ತೆ.”

ಆರು ಗಂಟೆಗೆ ಕೆಳಗಿನ ಮನೆಯಲ್ಲಿ ಎಲ್ಲರೂ ಸೇರಿದರು. ನಾಲ್ಕೂ ಗೋಡೆಗೆ ಗಡಿಯಾರಗಳು. ಕೀಲಿ ಕೊಡುವವರಿಲ್ಲದೆ ಒಂದೊಂದೂ ತನಗೆ ತೋಚಿದ ಹೊತ್ತಿನಲ್ಲಿ ನಿಂತಿತ್ತು. ಮೇಜಿನ ಮೇಲೆ ಅಜ್ಜನ ಫೋಟೋ, ಪಕ್ಕದಲ್ಲಿ ಬೀಗದಕೈ. ಬಾಗಿಲ ಬಳಿ ಐಸಿನ ಬಕೆಟ್ಟು ಹಿಡಿದು ಲಿಫ್ಟಣ್ಣ. ಒಂದು ನಿಮಿಷ ಮೌನ ಆಚರಿಸೋಣ ಎಂದ ನರ್ಸಮ್ಮ, ನಂಬುವಂಥ ಗಡಿಯಾರ ಒಂದೂ ಇಲ್ಲದ್ದರಿಂದ, ತಮ್ಮ ಮಣಿಕಟ್ಟನ್ನೇ ಹಿಡಿದು ನಾಡಿ ಎಣಿಸತೊಡಗಿದರು.

ಮೌನ ಮುಗಿಯುವುದರೊಳಗೆ ಸೋಡಾ ಸಿದ್ಧವಾಗಬೇಕೆಂದು ಲಿಫ್ಟಣ್ಣ ಅಡುಗೆಮನೆಗೆ ನುಸುಳಿ ಕೊನೆಯ ಗುಂಡು ತಿರುಪಿದ. ಆ ನಿಶ್ಶಬ್ದದಲ್ಲಿ ಅದು ಯಾರೋ ದೀರ್ಘವಾಗಿ ನಿಟ್ಟುಸಿರು ಬಿಟ್ಟ ಹಾಗೆ ಕೇಳಿಸಿತು. ಮೇಷ್ಟ್ರು ಕಣ್ತೆರೆದು ಫೋಟೋ ನೋಡಿದರು. ಪುನಃ ಕಣ್ಮುಚ್ಚಲು ಅವರಿಗೆ ಧೈರ್ಯ ಬರಲಿಲ್ಲ.

ಲೋಟಗಳಿಗೆ ಐಸು, ತಳದಲ್ಲಿ ದರ್ಜಿ ಬಿಟ್ಟುಹೋಗಿದ್ದ ಶುಂಠಿಪಾಕ ಒಂದು ಚಮಚ, ಮೇಲೆ ಸೋಡಾ. ಡಿಕಾಕ್ಷನ್ ಎಲ್ಲರಿಗೂ ಸಾಲಬೇಕಲ್ಲ ಎಂದು ಚಮಚದ ಹಿಂಬದಿಯಿಂದ ಹನಿಹನಿಯಾಗಿ ಬಿಟ್ಟ. ಅದು ಉಕ್ಕಲಿಲ್ಲ, ಹಾರಲಿಲ್ಲ. ಸೋಡಾದ ಮೇಲೆ ಕಪ್ಪಗೆ ನಿಂತು, ಸಂಜೆಗತ್ತಲು ಅಂಗಳಕ್ಕೆ ಇಳಿಯುವ ಹಾಗೆ ಎಳೆಎಳೆಯಾಗಿ ಕೆಳಗಿಳಿಯಿತು.

ನರ್ಸಮ್ಮ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಅವನ ಕೈರುಚೀನೇ” ಅಂದರು. “ಅದೇ ಶುಂಠಿ. ಅದೇ ಚುರುಕು.”

ದರ್ಜಿಯ ಮುಖ ತಪ್ಪಾಗಿ ಕತ್ತರಿಸಿದ ಕಾಲರಿನ ಹಾಗೆ ಒಂದು ಕಡೆಗೆ ವಾಲಿತು. ಲಿಫ್ಟಣ್ಣ ಮನಸ್ಸಿನಲ್ಲಿ ಆಗಲೇ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹಿಡಿದು, ಕಟ್ಟಕಡೆಯ ಸಲ ಎಪ್ಪತ್ತೆರಡು ಮೆಟ್ಟಿಲು ಇಳಿಸಿ, ಈ ಕಿಟಕಿಯ ಮುಂದೆ ಕೂರಿಸಿಯಾಗಿತ್ತು.

ನರ್ಸಮ್ಮ ಬೀಗದಕೈ ಎತ್ತಿಕೊಂಡರು. “ಒಂದು ಮಾತು ಹೇಳ್ಬಿಡ್ತೀನಿ. ಈ ಮನೆ ಇವರಿಗೇ ಅಂತ ನಿನ್ನೇನೇ ತೀರ್ಮಾನ ಮಾಡಿದ್ದೆ. ಇವರ ಹೆಂಡತಿ ಮಂಡಿ ವಿಷಯ ನಂಗೆ ಗೊತ್ತಾಗಿತ್ತು. ಅಣ್ಣ ಇಲ್ಲದ ಈ ಮನೇಲಿ ನಂಗೇನಿದೆ ಅಂತ ಅನಿಸಿತ್ತು.” ಅವರು ಲೋಟದ ತಳ ನೋಡಿದರು. “ಆದ್ರೆ ಇದನ್ನ ಕುಡಿದ ಮೇಲೆ ಅವನು ಇಲ್ಲೇ ಇದ್ದಾನೆ ಅನಿಸ್ತಿದೆ. ನಾನೂ ಇಲ್ಲೇ ಇದ್ಬಿಡ್ತೀನಿ.”

ಬೀಗದಕೈ ಅವರ ಕೈಚೀಲದೊಳಗೆ ಹೋಯಿತು.

“ಇನ್ನೊಂದು ಡಬ್ಬಿ ಗುಂಡು ತರಿಸ್ತೀನಿ. ನೀವು ದಿನಾ ಆರಕ್ಕೆ ಬಂದ್ಬಿಡಿ. ಅಣ್ಣನಿಗೆ ಮಾಡಿಕೊಟ್ಟೋರು, ನಂಗೆ ಇಲ್ಲ ಅಂತೀರಾ?”

ಇಲ್ಲ ಅನ್ನುವುದು ಲಿಫ್ಟಣ್ಣನಿಗೆ ಅಭ್ಯಾಸವಿರಲಿಲ್ಲ. “ಇಲ್ಲ ಅಂತೀನಾ ಅಮ್ಮ” ಅಂದ.

ಮೇಲಿರುವ ಹೆಂಡತಿಗೆಂದು ನರ್ಸಮ್ಮ ಒಂದು ಲೋಟ ಕಳಿಸಿದ್ದರು. ಅವನು ಅದನ್ನು ಅಂಗೈಯಿಂದ ಮುಚ್ಚಿಕೊಂಡು ಹತ್ತಿದ. ಎರಡನೇ ಮಹಡಿಯ ಹೊತ್ತಿಗೆ ಗುಳ್ಳೆಗಳು ಕಡಿಮೆಯಾದವು, ಮೂರರ ಹೊತ್ತಿಗೆ ಸದ್ದು ನಿಂತಿತು. ಹೆಂಡತಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

“ಮನೆ ಸಿಕ್ತಾ?”

“ಸಿಕ್ತು” ಅಂದ ಲಿಫ್ಟಣ್ಣ. “ದಿನಾ ಆರು ಗಂಟೆಗೆ, ಅರ್ಧ ಗಂಟೆ ಮಟ್ಟಿಗೆ. ನನಗೊಬ್ಬನಿಗೆ.”

ಅವನು ಎಲ್ಲ ಹೇಳಿ ಮುಗಿಸುವವರೆಗೆ ಅವಳು ಮಂಡಿ ನೀವಿಕೊಳ್ಳುತ್ತ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಎದ್ದು, ಐಸಿನ ತಟ್ಟೆಗೆ ನೀರು ತುಂಬಿ ಫ್ರಿಜ್ಜಿನಲ್ಲಿಟ್ಟಳು.

“ನಾಳೆ ಹೋಗುವಾಗ ಟೋಪಿ ಹಾಕ್ಕೊಂಡ್ಹೋಗಿ” ಅಂದಳು. “ಮೇಲಿಂದ ನೋಡಿದ್ರೆ ನಿಮ್ಮ ನೆತ್ತಿ ಭಾಳ ಬೋಳಾಗಿ ಕಾಣುತ್ತೆ.”