ತೊಟ್ಟಿಲಲ್ಲಿಟ್ಟ ಹಿಟ್ಟು

ಮದುವೆಯಾದ ಹೊಸತರಲ್ಲಿ ದಾವೂದ್ ತನ್ನ ಹೆಂಡತಿ ಸಾಲೇಹಾಗೆ ಒಂದು ಮಾತು ಕೊಟ್ಟಿದ್ದ. ಬೆಳ್ಳಿ ಬಂಗಾರದ ಮಾತು ಕೊಡುವಷ್ಟು ಅನುಕೂಲ ಅವನಿಗಿರಲಿಲ್ಲ. ಬೊಂಬಾಯಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದವನು ಅವನು. ಆ ಗ್ಯಾರೇಜಿನ ಹಿಂದೆ, ಇಟಲಿ ದೇಶದ ಹಡಗಿನಿಂದ ಇಳಿದು ಮತ್ತೆ ಹತ್ತಲು ಮರೆತ ಅಡುಗೆಯವನೊಬ್ಬ ಬೆಳ್ಳುಳ್ಳಿ, ಸೊಪ್ಪು ಹಾಕಿ ದಪ್ಪನೆಯ ರೊಟ್ಟಿ ಸುಡುತ್ತಿದ್ದ. ಫೊಕಾಚ ಎಂದು ಅದರ ಹೆಸರು. ದಾವೂದ್ ಬೊಂಬಾಯಿಯಿಂದ ತಂದ ಆಸ್ತಿಯೆಂದರೆ ನಾಲಿಗೆಯ ಮೇಲೆ ಉಳಿದ ಅದರ ರುಚಿ ಮಾತ್ರ. "ಅದನ್ನ ನನ್ನ ಕೈಯಾರೆ ಮಾಡಿ ನಿನಗೆ ತಿನ್ನಿಸ್ತೇನೆ. ಮೊದಲ ತುಂಡು ನಿಂದು. ಬಿಸಿ ಬಿಸಿದು. ನೀನು ಕೂತಲ್ಲಿಂದ ಏಳೋದೂ ಬೇಡ" ಎಂದು ಹೇಳಿದ್ದ.

ಆಮೇಲೆ ಶಿರಸಿಯಲ್ಲಿ ಸಂಸಾರ ಹೂಡಿದ್ದಾಯಿತು. ನೂರ್ ಅಹ್ಮದ್ ಸೇಠರ ಯಲ್ಲಾಪುರದ ಬಸ್ಸಿಗೆ ಡ್ರೈವರನಾದದ್ದಾಯಿತು, ಮಕ್ಕಳು ಮೂವರಾದದ್ದಾಯಿತು. ಸಾಲೇಹಾ ಎಲ್ಲರಿಗೂ ಬಡಿಸಿ, ಕಡೆಯಲ್ಲಿ ತಣ್ಣಗಾದದ್ದನ್ನು ಒಲೆಯ ಪಕ್ಕ ಕೂತು ತಿನ್ನುವುದೂ ರೂಢಿಯಾಯಿತು. ರೊಟ್ಟಿ ಮಾತ್ರ ದಾವೂದನ ಬಾಯಲ್ಲೇ ಉಳಿಯಿತು.

ಅವತ್ತು ಬಸ್ಸಿನ ಅಡಿಯ ಸ್ಪ್ರಿಂಗಿನ ಪಾಟಾ ಮುರಿದು ಅದು ಕಮ್ಮಾರಸಾಲೆಯ ಮುಂದೆ ನಿಂತಿತ್ತು. ಮನೆಯಲ್ಲೇ ಇದ್ದ ದಾವೂದ್ ಬೆಳಗಿನ ತಿಂಡಿಗೆ ಕೂತು, ರೊಟ್ಟಿ ತಣ್ಣಗಾಗಿದೆ ಎಂದುಬಿಟ್ಟ.

"ನಿಮ್ಮದು ತಣ್ಣಗಾದ್ರೂ ಬಂತಲ್ಲ" ಎಂದಳು ಸಾಲೇಹಾ. "ನನ್ನ ಬೊಂಬಾಯಿ ರೊಟ್ಟಿ ಇನ್ನೂ ಬರ್ತಾನೇ ಉಂಟು."

ದಾವೂದ್ ಎದ್ದು ಕೈ ತೊಳೆದುಕೊಂಡ. ಇವತ್ತೇ ಮಾಡುತ್ತೇನೆ ಎಂದ. ಸಾಲೇಹಾ ಅವನ ಮುಂದಿನ ತಟ್ಟೆ ಎತ್ತಿಕೊಂಡಳು.

"ಸಂಜೆ ಮಗ್ರಿಬ್ ನಮಾಜಿನ ಒಳಗೆ ಆಗ್ಬೇಕು. ಆಗದಿದ್ರೆ ಈ ಮನೇಲಿ ಇನ್ನು ಬೊಂಬಾಯಿ ಸುದ್ದಿ ಎತ್ತಬಾರದು."

ಇದು ಸಣ್ಣ ಪಣವಲ್ಲ. ಟೈರು ಪಂಕ್ಚರಾದರೂ ಮಗುವಿಗೆ ಜ್ವರ ಬಂದರೂ ಸಾರು ಸೀದುಹೋದರೂ ದಾವೂದ್ "ಬೊಂಬಾಯಿಯಲ್ಲಿ ಹೀಗಲ್ಲ" ಎಂದೇ ಮಾತು ಶುರು ಮಾಡುವವನು. ಬೊಂಬಾಯಿಯನ್ನು ಕಿತ್ತುಕೊಂಡರೆ ಅವನಲ್ಲಿ ಉಳಿಯುವುದು ಒಂದು ಖಾಕಿ ಕೋಟು ಮತ್ತು ಬೆನ್ನುನೋವು.

ಅವನು ಮೊದಲು ಮಕ್ಕಳನ್ನು ಅಕ್ಕನ ಮನೆಗೆ ಅಟ್ಟಿದ. ಆಮೇಲೆ ಸಾಲೇಹಾಗೆ, ಇವತ್ತು ಒಂದು ಕಡ್ಡಿಯನ್ನೂ ಎತ್ತಬಾರದು, ಒಳಕೋಣೆಯಲ್ಲಿ ಮಲಗಿರಬೇಕು, ಕರೆಯುವ ತನಕ ಹೊರಗೆ ಬರಬಾರದು ಎಂದು ಅಪ್ಪಣೆ ಮಾಡಿದ. ಅವಳು ಎದುರು ಮಾತಾಡುತ್ತಾಳೆ ಎಂದು ಕಾದ. ಅವಳು ಸುಮ್ಮನೆ ಹೋಗಿ ಮಲಗಿದಳು. ಅದೇ ಅವನಿಗೆ ವಿಚಿತ್ರವೆನಿಸಿತು, ಆದರೆ ವಿಚಾರ ಮಾಡುವಷ್ಟು ಪುರುಸೊತ್ತಿರಲಿಲ್ಲ.

ಮೈದಾ ಮನೆಯಲ್ಲಿರಲಿಲ್ಲ. ಡಬ್ಬಿಯಲ್ಲಿದ್ದ ಗೋಧಿಯನ್ನು ತವಡು ಸಮೇತ ಬೀಸುವ ಕಲ್ಲಿಗೆ ಹಾಕಿದ. ಗೋಧಿ ಸಾಲದೆ ಬಂದದ್ದಕ್ಕೆ ಜೋಳ ಸೇರಿಸಿದ, ಜೋಳವೂ ಮುಗಿದದ್ದಕ್ಕೆ ರಾಗಿ ಸೇರಿಸಿದ. ಹಿಟ್ಟು ಕಾಡುದಾರಿಯ ಧೂಳಿನ ಬಣ್ಣಕ್ಕೆ ಬಂತು. ಹುಳಿ ಬರಿಸುವುದಕ್ಕೆ ಪೇಟೆಯ ಪಾವು ಬ್ರೆಡ್ಡಿನ ಭಟ್ಟಿಯಿಂದ ಒಂದು ಮುದ್ದೆ ಹಿಂದಿನ ದಿನದ ಹಿಟ್ಟು ತಂದ. ಭಟ್ಟಿಯವನು, ತಾನೇ ಸುಟ್ಟುಕೊಡುತ್ತೇನೆಂದ. ದಾವೂದ್, ಮಾತು ಕೊಟ್ಟದ್ದು ಭಟ್ಟಿಯ ಕೈಯಿಂದಲ್ಲ ಎಂದು ಹೇಳಿ ಬಂದ.

ಕಲಸಿದ ಹಿಟ್ಟು ಬೆಚ್ಚಗಿನ ಜಾಗದಲ್ಲಿ ಉಬ್ಬಬೇಕು. ನೆಲದಲ್ಲಿಟ್ಟರೆ ಕೋಳಿ, ಗೋಡೆಯ ಹಲಗೆಯ ಮೇಲಿಟ್ಟರೆ ಬೆಕ್ಕು. ಅಡುಗೆಮನೆಯ ತೊಲೆಗೆ ಕಿರಿಯವನ ಹಳೆಯ ತೊಟ್ಟಿಲು ಈಗಲೂ ನೇತಾಡುತ್ತಿತ್ತು. ಒಲೆಯ ಕಾವು ಸರಿಯಾಗಿ ಅದಕ್ಕೆ ತಾಗುತ್ತಿತ್ತು. ದಾವೂದ್ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಒಂದು ಹಳೆಯ ಕೌದಿ ಹೊದೆಸಿ ತೊಟ್ಟಿಲಲ್ಲಿ ಮಲಗಿಸಿದ. ಆ ಇಟಲಿಯವನು ಯಾವುದೋ ಕಾಯಿಯ ಎಣ್ಣೆ ಸುರಿಯುತ್ತಿದ್ದ. ದಾವೂದ್ ತುಪ್ಪ ಕಾಯಿಸಿ, ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು, ಅದಕ್ಕೆ ಓಮವನ್ನೂ ಹಿತ್ತಲಿನ ದೊಡ್ಡಪತ್ರೆಯನ್ನೂ ಕೊಯ್ದು ಹಾಕಿದ. ಆಮೇಲೆ ರೊಟ್ಟಿ ಸುಡುವ ತಗಡು ಹುಡುಕುವುದಕ್ಕೆ ಸೇಠರ ಗ್ಯಾರೇಜಿನ ಕಡೆ ಹೊರಟ.

ಅವನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಒಂದೇ. ಈ ಸೀಮೆಯಲ್ಲಿ ತುಪ್ಪದಲ್ಲಿ ಬೆಳ್ಳುಳ್ಳಿ ಹುರಿದು ಓಮ ಹಾಕಿದ ವಾಸನೆಗೆ ಎಲ್ಲ ಜಾತಿಯ ಮೂಗುಗಳೂ ಒಂದೇ ಅರ್ಥ ಹೇಳುತ್ತವೆ. ಆ ಮನೆಯಲ್ಲಿ ಬಾಣಂತಿ ಇದ್ದಾಳೆ.

ಪಕ್ಕದ ಮನೆಯ ದೇವಕ್ಕ ಬನವಾಸಿ ಕಡೆಯವಳು, ಬಸ್ ಸ್ಟ್ಯಾಂಡಿನ ಕಿರಾಣಿ ಅಂಗಡಿ ಸಂಗಯ್ಯನ ಹೆಂಡತಿ. ಕೇರಿಯ ಯಾವ ಹೆರಿಗೆಯೂ ಅವಳಿಗೆ ತಿಳಿಯದೆ ಆದದ್ದಿಲ್ಲ. ವಾಸನೆ ಗೋಡೆ ದಾಟಿದ ಕೂಡಲೆ ಅವಳು ಹಿತ್ತಲ ಬಾಗಿಲಿನಿಂದ ಬಂದಳು. ಮಕ್ಕಳಿಲ್ಲ. ಒಲೆಯ ಮೇಲೆ ಬೆಳ್ಳುಳ್ಳಿ ತುಪ್ಪ. ಗಂಡಸು ಅಡುಗೆ ಮಾಡಿದ ಗುರುತಾಗಿ ನೆಲದ ತುಂಬಾ ಹಿಟ್ಟು. ಒಳಕೋಣೆಯ ಬಾಗಿಲು ಮುಚ್ಚಿತ್ತು.

"ಸಾಲೇಹಾ, ಆರಾಮ ಅದಿಯೇನವ್ವಾ?" ಎಂದು ಮೆಲ್ಲಗೆ ಕೇಳಿದಳು.

"ತಲೆ ಸುತ್ತುತ್ತೆ ದೇವಕ್ಕ. ಅವರೇ ಮಲಕ್ಕೋ ಅಂದಿದ್ದಾರೆ" ಎಂದು ಒಳಗಿನಿಂದ ಸಣ್ಣ ದನಿ ಬಂತು.

ದೇವಕ್ಕ ತೊಟ್ಟಿಲಿನ ಕಡೆ ತಿರುಗಿದಳು. ಕೌದಿಯ ಕೆಳಗೆ ದುಂಡಗೆ ಏನೋ ಮಲಗಿತ್ತು. ಬೆರಳ ಹಿಂಬದಿಯಿಂದ ಮುಟ್ಟಿದಳು. ಬೆಚ್ಚಗಿತ್ತು, ಮೆತ್ತಗಿತ್ತು, ಹಿಟ್ಟು ಉಬ್ಬುತ್ತಿದ್ದುದರಿಂದ ಉಸಿರಾಡಿದ ಹಾಗೂ ಇತ್ತು. ಬರಿಗೈಯಲ್ಲಿ ಕೂಸಿನ ಮುಖ ನೋಡಬಾರದು ಎಂಬುದು ಅವಳು ಎಂದೂ ಮುರಿಯದ ನೇಮ. ಕೌದಿ ಸರಿಸದೆ ಕುಲಾವಿ ತರುವುದಕ್ಕೆ ಮನೆಗೆ ಓಡಿದಳು. ದಾರಿಯಲ್ಲಿ ಸಿಕ್ಕವರಿಗೆ, ಹೊಟ್ಟೆಯೇ ಕಾಣಿಸದಂತೆ ಹೆತ್ತಿದ್ದಾಳೆ, ಮುಟ್ಟಿ ನೋಡಿದರೆ ಭಾರ ಇದೆ, ಗಂಡೇ ಇರಬೇಕು ಎಂದು ಹೇಳಿದಳು. ಸಂಗಯ್ಯ ಅದನ್ನು ಯಲ್ಲಾಪುರಕ್ಕೆ ಹೊರಟಿದ್ದ ಸೇಠರ ಇನ್ನೊಂದು ಬಸ್ಸಿನ ಡ್ರೈವರ್ ಹನೀಫನಿಗೆ ಹೇಳಿದ. ಹನೀಫ್ ಯಲ್ಲಾಪುರದಲ್ಲಿ ಸಾಲೇಹಾಳ ತಾಯಿ ರಹಿಮತ್ಬಿಗೆ ಹೇಳಿದ.

ದಾವೂದ್ ಗ್ಯಾರೇಜಿನ ಗುಜರಿಯಿಂದ ಒಂದು ಹಳೆಯ ಮಡ್ಗಾರ್ಡು ತಂದು, ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದ. ಹಾದಿಯಲ್ಲಿ ಇಬ್ಬರು ಮೂವರು ಅವನ ಕೈ ಹಿಡಿದು ಮುಬಾರಕ್ ಹೇಳಿದ್ದರು. ಪೇಟೆಯಲ್ಲಿ ಒಂದು ರೊಟ್ಟಿಗೆ ಇಷ್ಟು ಮರ್ಯಾದೆ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಖುಷಿಯಿಂದಲೇ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಮಾಡಿದ.

ಅವನು ಕೆಂಡ ಊದಿ, ಕಣ್ಣೊರೆಸಿಕೊಂಡು ಒಳಗೆ ಬಂದಾಗ ಅಡುಗೆಮನೆಯಲ್ಲಿ ಅರ್ಧ ಕೇರಿ ನಿಂತಿತ್ತು. ದೇವಕ್ಕನ ಕೈಯಲ್ಲಿ ಕುಲಾವಿ, ಇನ್ನೊಬ್ಬರ ಕೈಯಲ್ಲಿ ಅಂಟಿನುಂಡೆ, ಮತ್ತೊಬ್ಬರ ಕೈಯಲ್ಲಿ ಬೆಳ್ಳಿ ಬಳೆ. ನಡುವೆ ಜರಿಟೊಪ್ಪಿಗೆ ಹಾಕಿಕೊಂಡು ಸಾಕ್ಷಾತ್ ನೂರ್ ಅಹ್ಮದ್ ಸೇಠರು. ಕೂಸಿನ ಬಾಯಿಗೆ ಮೊದಲ ಜೇನು ಹಚ್ಚುವುದಕ್ಕೆ ದೊಡ್ಡವರ ಕೈ ಬೇಕೆಂದು ಯಾರೋ ಕರೆತಂದಿದ್ದರು. ಸೇಠರು ಬೆರಳನ್ನು ಜೇನಿನಲ್ಲಿ ಅದ್ದಿ ತೊಟ್ಟಿಲಿಗೆ ಬಗ್ಗಿದ್ದರು. ದೃಷ್ಟಿಯಾಗದಿರಲೆಂದು ದೇವಕ್ಕ ಕೌದಿಯ ಮತ್ತು ಒಳಗಿನ ಬಟ್ಟೆಯ ಅಂಚನ್ನಷ್ಟೇ ಎತ್ತಿ ಹಿಡಿದಿದ್ದಳು. ಸೇಠರು ಬಾಯಿ ಇರಬೇಕಾದ ಕಡೆ ಅಂದಾಜಿನಿಂದ ಬೆರಳಿಟ್ಟರು. ಬೆರಳು ಒಳಗೆ ಹೋಯಿತು. ಗೆಣ್ಣಿನ ತನಕ ಹೋಯಿತು.

ಸೇಠರು ಬೆರಳನ್ನು ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ಅವರ ಮುಖ ಬೇಯಿಸಿದ ಕುಂಬಳಕಾಯಿಯ ಹಾಗಾಯಿತು.

"ಹಾಗೇ ಇರಲಿ ಸೇಠ್" ಎಂದ ದಾವೂದ್ ಬಾಗಿಲಿನಿಂದ. ಆ ಇಟಲಿಯವನು ಸುಡುವ ಮೊದಲು ಹಿಟ್ಟಿನ ತುಂಬಾ ಬೆರಳಿನಿಂದ ಗುಳಿ ಒತ್ತುತ್ತಿದ್ದದ್ದು ಅವನಿಗೆ ಆ ಕ್ಷಣವೇ ನೆನಪಾಗಿತ್ತು. "ಸರಿಯಾಗಿ ಹಾಗೇ ಒತ್ತಬೇಕು."

ತೊಟ್ಟಿಲಲ್ಲಿರುವುದು ಹಿಟ್ಟೆಂದು ಆಗ ಎಲ್ಲರ ತಲೆಗೂ ಇಳಿಯಿತು. ಮೊದಲು ನಕ್ಕದ್ದು ಅಂಟಿನುಂಡೆಯವರು. ದೇವಕ್ಕ ನಗಲಿಲ್ಲ. "ತೊಟ್ಟಿಲದಾಗ ರೊಟ್ಟಿ ಮಲಗಸೋದು ಎಲ್ಲೈತ್ರಿ ಸಾಬ್ರ? ಬೊಂಬಾಯ್ದಾಗ ಐತೇನು?" ಎಂದಳು. ದಾವೂದ್ ಮೊದಲ ಸಲ ಬೊಂಬಾಯಿಯ ಪರ ವಹಿಸದೆ ತೊಟ್ಟಿಲಿನಿಂದ ಹಿಟ್ಟು ಎತ್ತಿಕೊಂಡ.

ಆದರೆ ಬಂದವರು ಹೋಗಲೂ ಇಲ್ಲ. ಬಾಣಂತಿಯ ಮನೆಗೆ ಬಂದವರು ಬಾಯಿಗೆ ಏನಾದರೂ ಹಾಕಿಕೊಳ್ಳದೆ ಹೊರಡುವ ಪದ್ಧತಿಯಿಲ್ಲ. ಬಾಣಂತಿ ಇಲ್ಲವೆಂದ ಮಾತ್ರಕ್ಕೆ ಪದ್ಧತಿ ಸುಳ್ಳಾಗುವುದಿಲ್ಲವಲ್ಲ. ಹಿತ್ತಲಿನಲ್ಲಿ ಚಾಪೆ ಹಾಸಿಕೊಂಡು ಕೂತರು. ದಾವೂದ್ ಹಿಟ್ಟನ್ನು ಮಡ್ಗಾರ್ಡಿನ ಮೇಲೆ ಹರಡಿ, ಸೇಠರ ಗುಳಿಯ ಪಕ್ಕದಲ್ಲಿ ತನ್ನ ಗುಳಿಗಳನ್ನೂ ಒತ್ತಿ, ಬೆಳ್ಳುಳ್ಳಿ ತುಪ್ಪ ಸುರಿದು, ಮೇಲೆ ತಾಮ್ರದ ಹಂಡೆ ಬೋರಲು ಹಾಕಿ, ಅದರ ಮೇಲೆ ಕೆಂಡ ಹೇರಿದ. ಸೇಠರು ಕೆಂಡದ ಕೆಳಗೆ ಇಣುಕಿ ನೋಡಿದರು.

"ದಾವೂದ್, ಇದು ನಮ್ಮ ಗಾಡೀದಲ್ವಾ?"

ಗುಜರಿಗೆ ಹಾಕಿದ್ದು ಎಂದು ದಾವೂದ್ ನೆಲ ನೋಡುತ್ತಾ ಹೇಳಿದ. ಸೇಠರು ತಮ್ಮ ಗಡ್ಡ ನೀವಿಕೊಂಡರು. ಅದು ಒಳ್ಳೆಯ ಲಕ್ಷಣವಲ್ಲ ಎಂದು ಅವರ ಡ್ರೈವರುಗಳಿಗೆಲ್ಲ ಗೊತ್ತು.

ಹೊತ್ತು ಇಳಿಯುವಾಗ ಹನೀಫನ ಬಸ್ಸಿನಿಂದ ರಹಿಮತ್ಬಿ ಇಳಿದು ಬಂದರು. ಬಾಣಂತಿ ಔಷಧದ ಗಂಟು ಒಂದು ಕಂಕುಳಲ್ಲಿ, ಮಗಳ ಹೆರಿಗೆಯ ಸುದ್ದಿಯನ್ನು ಡ್ರೈವರನ ಬಾಯಿಂದ ಕೇಳಬೇಕಾಯಿತಲ್ಲ ಎಂಬ ಸಿಟ್ಟು ಇನ್ನೊಂದು ಕಂಕುಳಲ್ಲಿ. ನಡೆದದ್ದನ್ನು ದೇವಕ್ಕನೇ ವಿವರಿಸಿದಳು. ರಹಿಮತ್ಬಿ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ಒಳಕೋಣೆಗೆ ಹೋಗಿ ಮಗಳ ಪಕ್ಕ ಕೂತರು. ಬಸ್ಸಿನಲ್ಲಿ ಮೈಯೆಲ್ಲ ಕುಲುಕಿಹೋಗಿತ್ತು. ಇನ್ನು ಬೆಳಗಿನ ತನಕ ಏಳುವುದಿಲ್ಲ ಎಂದರು.

ಮಗ್ರಿಬ್ ನಮಾಜಿಗೆ ಮಸೀದಿಯ ಕಡೆ ಜನ ಹೊರಡುವ ಹೊತ್ತಿಗೆ ದಾವೂದ್ ಹಂಡೆ ಎತ್ತಿದ. ರೊಟ್ಟಿ ಉಬ್ಬಿತ್ತು. ಅಂಚು ಕೆಂಪಾಗಿತ್ತು, ಗುಳಿಗಳಲ್ಲಿ ತುಪ್ಪ ನಿಂತು ಗುಳುಗುಳು ಎನ್ನುತ್ತಿತ್ತು. ದಾವೂದ್ ಒಂದು ತುಂಡು ಮುರಿದ. ಹಬೆ ಎದ್ದಿತು. ಸೇಠರು ಕೈ ಚಾಚಿದರು. ಚಾಚಬೇಕಾದವರೇ, ಹಿರಿಯರು, ಧಣಿಗಳು, ಜೇನಿನ ಬೆರಳಿನ ಅವಮಾನ ಅನುಭವಿಸಿದವರು.

"ಸೇಠ್, ಇದು ಒಳಗೆ ಹೋಗ್ಬೇಕು" ಎಂದ ದಾವೂದ್.

"ನನ್ನ ಮಡ್ಗಾರ್ಡಿನ ಮೇಲೆ ಸುಟ್ಟಿದ್ದೋ ಇದು."

"ಮಡ್ಗಾರ್ಡು ನಿಮ್ಮದು. ಮಾತು ನಂದು."

"ಒಳ್ಳೇದು" ಎಂದರು ಸೇಠರು ಕೈ ಹಿಂದಕ್ಕೆ ತೆಗೆದುಕೊಂಡು. "ನಾಳೆಯಿಂದ ಹನೀಫನ ಟ್ರಿಪ್ಪೂ ನಿಂದೇ."

ದಾವೂದ್ ತುಂಡನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದ. ಸಾಲೇಹಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹೊರಗಿನದೆಲ್ಲ ಅವಳಿಗೆ ಕೇಳಿಸಿತ್ತು. ಸೇಠರಿಗೆ ಇಲ್ಲವೆಂದು ತನಗೆ ತಂದ ರೊಟ್ಟಿಯನ್ನೂ ಅದನ್ನು ತಂದವನ ಸುಟ್ಟ ಬೆರಳುಗಳನ್ನೂ ನೋಡಿದಳು. ಇಷ್ಟು ವರ್ಷದಲ್ಲಿ ಅವನು ನೋಡಿರದ ಒಂದು ನಗು ಅವಳ ಮುಖಕ್ಕೆ ಬಂತು. ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದಳು. ಬೆಳ್ಳುಳ್ಳಿಯ ಹಬೆ ಮೂಗಿಗೆ ಹೊಡೆಯಿತು. ನಗು ಅಲ್ಲೇ ನಿಂತಿತು. ಅವಳು ತುಂಡನ್ನು ತಟ್ಟೆಗೆ ಬಿಟ್ಟು, ಸೆರಗನ್ನು ಬಾಯಿಗೆ ಒತ್ತಿ, ಎದ್ದು, ಅಷ್ಟೂ ಜನರ ನಡುವಿನಿಂದ ಹಿತ್ತಲ ಬೇಲಿಯ ತನಕ ಓಡಿದಳು.

ಮಡ್ಗಾರ್ಡಿನ ಪೆಟ್ರೋಲು ವಾಸನೆ ಹೋಗಿಲ್ಲವೇನೋ ಎಂದು ದಾವೂದ್ ತುಂಡನ್ನು ಮೂಸಿ ನೋಡಿದ.

ಅವಳು ಮುಖ ತೊಳೆದುಕೊಂಡು ಬಂದಾಗ ರಹಿಮತ್ಬಿ ಕೂತಲ್ಲಿಂದಲೇ ಮಗಳ ಗದ್ದ ಹಿಡಿದು ಬಗ್ಗಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಎಷ್ಟು ದಿನವಾಯಿತು ಎಂದು ಕೇಳಿದರು. ಸಾಲೇಹಾ ದಾವೂದನ ಕಡೆ ನೋಡದೆ, ಎರಡು ತಿಂಗಳಾಯಿತು, ಖಾತ್ರಿಯಾದ ಮೇಲೆ ಹೇಳೋಣವೆಂದಿದ್ದೆ ಎಂದಳು.

"ಅಂದ್ರ ನಾ ಹೇಳಿದ್ದು ಸುಳ್ಳೇನಲ್ಲ ಬಿಡ್ರಿ" ಎಂದಳು ಬಾಗಿಲಲ್ಲಿ ನಿಂತಿದ್ದ ದೇವಕ್ಕ. "ಒಂದೀಟು ಲಗೂ ಹೇಳ್ದೆ, ಅಷ್ಟ." ಕುಲಾವಿಯನ್ನು ತೊಟ್ಟಿಲಿಗೆ ಹಾಕಿ ಹೋದಳು.

ಹಿತ್ತಲಿನಲ್ಲಿ ಸೇಠರು ಎರಡನೆಯ ತುಂಡನ್ನು ತಾವೇ ಮುರಿದುಕೊಂಡಿದ್ದರು. ಉಳಿದದ್ದೂ ಬೇಗ ಮುಗಿಯಿತು. ದಾವೂದ್ ಇನ್ನೊಂದು ಸಲ ತಟ್ಟೆಯನ್ನು ಸಾಲೇಹಾಳ ಕಡೆ ಸರಿಸಿದ.

"ಇಷ್ಟು ವರ್ಷ ಬಿಟ್ಟು ಇವತ್ತೇ ಮಾಡ್ಬೇಕಿತ್ತಾ?" ಎಂದಳು ಅವಳು, ಮೂಗು ಮುಚ್ಚಿಕೊಂಡು. "ಆ ಬೆಳ್ಳುಳ್ಳಿ ದೂರ ಇಡಿ, ಪುಣ್ಯ ಬರುತ್ತೆ."

ಅನ್ನವನ್ನು ಹಾಳು ಮಾಡಬಾರದೆಂದು ರಹಿಮತ್ಬಿ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ನಿಧಾನವಾಗಿ ಅಗಿದು, ಉಪ್ಪು ಸ್ವಲ್ಪ ಕಮ್ಮಿ ಎಂದರು.

ಮೊದಲ ತುಂಡನ್ನು, ಬಿಸಿಯಿರುವಾಗಲೇ, ಕೂತಲ್ಲಿಂದ ಏಳದೆ ತಿಂದವರು ದಾವೂದನ ಅತ್ತೆ. ಪಣದ ಪ್ರಕಾರ ಆ ಮನೆಯಲ್ಲಿ ಆಮೇಲೆ ಬೊಂಬಾಯಿಯ ಸುದ್ದಿ ಬರಲಿಲ್ಲ. ಸಾಲೇಹಾಗೆ ಕೊಟ್ಟ ಮಾತು ನಡೆಯಲಿಲ್ಲ.