ಬಾತಾಮಿಗೋ ಬಿಂತಾನಿಗೋ

ಮೂರು ದಿನದ ರಜೆಗೆ ಎಲ್ಲಿಗೆ ಹೋಗಬೇಕೆಂಬುದನ್ನು ಈ ಸಲ ತಾನೊಬ್ಬನೇ, ಯಾರನ್ನೂ ಕೇಳದೆ, ತೀರ್ಮಾನಿಸುವುದಾಗಿ ಜುನೈದಿ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ನಿಶ್ಚಯಿಸಿದ. ಯಾವ ಬಸ್ಸು ಯಾವ ಹೊತ್ತಿಗೆ ಯಾವ ದಾರಿ ಹಿಡಿಯಬೇಕೆಂದು ಹೇಳುವುದೇ ಸಿಂಗಾಪುರದ ಬಸ್ ಡಿಪೋವೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. ಮುನ್ನೂರು ಬಸ್ಸುಗಳು ಅವನ ಬೆರಳ ಸನ್ನೆಗೆ ಹೊರಡುತ್ತಿದ್ದವು. ಆ ಸನ್ನೆಗೆ ಜಗ್ಗದವಳು ಹೆಂಡತಿ ಮಸ್ತುರಾ ಒಬ್ಬಳೇ.

ಮದುವೆಯಾಗಿ ಇಪ್ಪತ್ತೆಂಟು ವರ್ಷ ತುಂಬಿದ್ದಕ್ಕೆ ಈ ಪ್ರವಾಸ. ಸಮುದ್ರದಾಚೆ, ದೋಣಿಯಲ್ಲಿ ಒಂದೆರಡು ಗಂಟೆ ಕೂತರೆ ಸಿಗುವ ಇಂಡೋನೇಷ್ಯಾದ ದ್ವೀಪಗಳು ಎರಡು. ಜುನೈದಿಗೆ ಬಿಂತಾನ್ ಬೇಕು, ಅಲ್ಲಿ ಗಾಳ ಹಾಕಬಹುದು. ಮಸ್ತುರಾಗೆ ಬಾತಾಮ್ ಬೇಕು, ಅಲ್ಲಿ ಅಂಗಡಿಗಳಿವೆ, ಪದರ ಪದರದ ಬೆಣ್ಣೆ ಕೇಕಿದೆ, ಪಾದ ಒತ್ತಿಕೊಡುವವರಿದ್ದಾರೆ.

“ಅಂಗಡಿ ನೋಡೋಕೆ ಇನ್ನೊಂದು ದೇಶಕ್ಕೆ ಹೋಗ್ಬೇಕಾ? ಲಿಫ್ಟ್ ಇಳಿದ್ರೆ ಅಂಗಡಿ.”

“ಮೀನೂ ಅಷ್ಟೇ. ಲಿಫ್ಟ್ ಇಳಿದ್ರೆ ಮಾರ್ಕೆಟ್ಟು.”

“ಹಿಡಿಯೋದೇ ಬೇರೆ, ಕೊಳ್ಳೋದೇ ಬೇರೆ ಕಣೇ.”

“ಹೌದು. ಕೊಂಡ್ರೆ ಮೀನು ಮನೆಗೆ ಬರುತ್ತೆ.”

ಮಗಳು ಐನುಲ್ ಮಧ್ಯೆ ಬಾಯಿ ಹಾಕಿ, “ಅಪ್ಪಾ, ಮಲೇಷ್ಯಾ ಕಡೆ ಮಲಾಕಾಗೆ ಹೋಗ್ಬನ್ನಿ, ಇಬ್ರಿಗೂ ಸರಿಹೋಗುತ್ತೆ” ಎಂದಳು. “ನೀನು ಸುಮ್ನಿರು” ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಆ ವಾರ ಗಂಡಹೆಂಡಿರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಬುಧವಾರದಿಂದ ಮಸ್ತುರಾ ಮಾತು ಬಿಟ್ಟಳು. ಗುರುವಾರ ಡಿಪೋದಲ್ಲಿ ಬುತ್ತಿ ಬಿಚ್ಚಿದಾಗ ತೆಂಗಿನಹಾಲಿನ ಅನ್ನ, ಹುರಿದ ನೆತ್ತಲಿ ಮೀನು, ಅರ್ಧ ಮೊಟ್ಟೆ ಎಲ್ಲವೂ ದಿನದಂತೆಯೇ ಇದ್ದವು. ಮಾತು ಬಿಟ್ಟವಳು ಮೊಟ್ಟೆ ಬಿಟ್ಟಿರಲಿಲ್ಲ. ಜುನೈದಿಯ ಎದೆ ಕರಗಿತು. ಕೈ ತೊಳೆಯುವ ಮೊದಲೇ ಫೋನು ತೆಗೆದು ಬಾತಾಮಿಗೆ ಎರಡು ಟಿಕೆಟ್ಟು, ಒಂದು ರೂಮು ಕಾದಿರಿಸಿದ. ಹೆಂಡತಿಗೆ ಹೇಳಲಿಲ್ಲ. ದೋಣಿ ಹತ್ತುವ ಜೆಟ್ಟಿಯಲ್ಲಿ ಅವಳ ಮುಖ ಅರಳುವುದನ್ನು ನೋಡಬೇಕಿತ್ತು.

“ನಾಳೆ ಏಳಕ್ಕೆ ಜೆಟ್ಟಿ. ಎಲ್ಲಿಗೆ ಅಂತ ಕೇಳ್ಬೇಡ” ಎಂದ ಶುಕ್ರವಾರ.

“ನೀವೂ ಕೇಳ್ಬೇಡಿ” ಎಂದಳು ಮಸ್ತುರಾ. ಅವಳು ಮತ್ತೆ ಮಾತಾಡಿದ ಖುಷಿಯಲ್ಲಿ ಅದರ ಅರ್ಥವೇನೆಂದು ಅವನು ಯೋಚಿಸಲಿಲ್ಲ.

ಜೆಟ್ಟಿಯಲ್ಲಿ ಎರಡು ಸಾಲುಗಳಿದ್ದವು. ಜುನೈದಿ ಎಡಕ್ಕೆ, ಬಾತಾಮಿನ ಸಾಲಿಗೆ ತಿರುಗಿದ. ಮಸ್ತುರಾ ಬಲಕ್ಕೆ ತಿರುಗಿದಳು. ಇಬ್ಬರ ಬಟ್ಟೆಯೂ ಇದ್ದ ಒಂದೇ ಚೀಲ, ಇಬ್ಬರ ಕೈಯಲ್ಲೂ ಒಂದೊಂದು ಹಿಡಿ. ಚೀಲ ನಡುವೆ ಹಗ್ಗದಂತೆ ಬಿಗಿಯಿತು.

“ಅತ್ತ ಎಲ್ಲಿಗೆ? ಬಾತಾಮ್ ಇತ್ತ ಕಡೆ. ಟಿಕೆಟ್ ತಗೊಂಡಿದೀನಿ.”

“ನಾನು ಬಿಂತಾನಿಗೆ ತಗೊಂಡಿದೀನಿ ರೀ.” ಅವಳು ಕಂಕುಳಲ್ಲಿದ್ದ ಚಾಪೆಯ ಸುರುಳಿ ಬಿಚ್ಚಿ ತೋರಿಸಿದಳು. ಒಳಗೆ ಅವನ ಗಾಳದ ಕೋಲು.

ಇಬ್ಬರೂ ಒಂದು ಗಳಿಗೆ ಒಬ್ಬರನ್ನೊಬ್ಬರು ಪ್ರೀತಿಯಿಂದ ನೋಡಿದರು. ಆಮೇಲೆ ಜಗಳ ಶುರುವಾಯಿತು.

“ನಿನ್ನಿಷ್ಟದ ಊರಿಗೆ ಕರ್ಕೊಂಡು ಹೋಗ್ತೀನಿ ಅಂದ್ರೂ ಬರಲ್ವಾ?”

“ನಾನು ನಿಮ್ಮಿಷ್ಟ ನಡೆಸ್ತಿದೀನಿ. ಬಾಯಿ ಮುಚ್ಕೊಂಡು ಬನ್ನಿ.”

“ಬಾತಾಮ್ ಅಂದ್ರೆ ಎಂಥಾ ಊರು! ಅಂಗಡಿ ಮೇಲೆ ಅಂಗಡಿ.”

“ಬಿಂತಾನಿನ ಗಾಳಿ ಆರೋಗ್ಯಕ್ಕೆ ಒಳ್ಳೇದು.”

ಹಿಂದೆ ನಿಂತಿದ್ದ ಮುದುಕರೊಬ್ಬರು, “ಜಗಳ ಆಚೆ ದಡದಲ್ಲಿ ಮುಗಿಸ್ಬಾರದಾ?” ಎಂದರು. ಎರಡೂ ದೋಣಿಗಳಿಗೆ ಕೊನೆಯ ಕರೆ ಬಂತು.

“ಸರಿ, ನಾನು ನಿನ್ನಿಷ್ಟದ ಊರಿಗೇ ಹೋಗ್ತೀನಿ” ಎಂದು ಜುನೈದಿ ಚೀಲ ಬಿಟ್ಟು ಹೊರಟ.

“ನಾನೂ ನಿಮ್ಮಿಷ್ಟದ ಊರಿಗೇ ಹೋಗೋದು” ಎಂಬುದು ಬೆನ್ನ ಹಿಂದೆ ಕೇಳಿಸಿತು. ಹಗ್ಗ ಬಿಚ್ಚಿ ದೋಣಿ ನೀರಿಗೆ ಸರಿಯುವವರೆಗೂ ಅವಳು ಓಡಿ ಬಂದೇ ಬರುತ್ತಾಳೆಂದು ಅವನು ನಂಬಿದ್ದ.

ಹೀಗೆ ಅಂಗಡಿ ಕಂಡರಾಗದ ಜುನೈದಿ ಉಟ್ಟ ಬಟ್ಟೆಯಲ್ಲಿ ಬಾತಾಮಿನಲ್ಲಿ ಇಳಿದು, ಮೊದಲು ಅಂಗಡಿಗೇ ಹೋಗಬೇಕಾಯಿತು. ಅವನ ಹೊಟ್ಟೆಯ ಅಳತೆಗೆ ಸಿಕ್ಕಿದ್ದು ಗಿಳಿಗಳ ಚಿತ್ರವಿದ್ದ ಅಂಗಿ ಮಾತ್ರ. ಅದನ್ನು ಹಾಕಿಕೊಂಡು, ಹೆಂಡತಿಯ ಹೆಸರಿನಲ್ಲಿ, ಪಾದ ಒತ್ತಿಸಿಕೊಳ್ಳಲು ಕೂತ. ಒತ್ತುವಾಕೆ ಅಂಗಾಲಿಗೆ ಹೆಬ್ಬೆರಳು ಊರಿದಾಗ ಅವನ ಕಣ್ಣಲ್ಲಿ ನೀರು ಬಂತು.

“ಹೆಂಡ್ತಿ ಬರ್ಲಿಲ್ವಾ ಅಣ್ಣಾ?”

“ಬಿಂತಾನಿಗೆ ಹೋಗಿದಾಳೆ.”

“ಅಯ್ಯೋ ಪಾಪ. ಹಾಗಾದ್ರೆ ಮೆಲ್ಲಗೆ ಒತ್ತೀನಿ.”

ಸಂಜೆ ಮಸ್ತುರಾಳ ಫೋನು ಬಂತು. “ಮೀನು ಸಿಕ್ತು ರೀ.”

ಮೂವತ್ತು ವರ್ಷ ಗಾಳ ಹಾಕಿದ ಜುನೈದಿ ತಡೆದು ತಡೆದು ಕೇಳಿದ. “ಎಷ್ಟು ದೊಡ್ಡದು?”

“ದೋಣಿಯವನು ಹಿಡ್ಕೊಂಡಿದಾನೆ. ನಂಗೆ ಎತ್ತೋಕಾಗ್ತಿಲ್ಲ.”

ಅದಕ್ಕೆ ಸಮನಾಗಿ ಹೇಳಿಕೊಳ್ಳಲು ಅವನ ಬಳಿ ಒಂದು ಮೀನೂ ಇರಲಿಲ್ಲ. ರೂಮಿನಲ್ಲಿ ಟೀವಿಯೂ ಕೆಟ್ಟಿತ್ತು. ಆದ್ದರಿಂದ ಕೇಳುತ್ತಾ ಕೂತ. ಮೀನಿನ ಕತೆ ಮುಗಿದು ಅವಳ ಅಕ್ಕನ ಕತೆ ಬಂತು. ಅದೂ ಮುಗಿದ ಮೇಲೆ, ಆರು ತಿಂಗಳಿಂದ ತನಗೆ ಮೊಣಕಾಲು ನೋವೆಂದೂ, ಬೆಳಗಿನ ಜಾವ ಒಲೆಯ ಮುಂದೆ ನಿಲ್ಲುವುದು ಕಷ್ಟವೆಂದೂ, ಬಾತಾಮಿನಲ್ಲಿ ಕಾಲು ಒತ್ತಿಸಿಕೊಂಡರೆ ಇಳಿದೀತೆಂದು ಆಸೆಪಟ್ಟಿದ್ದೆನೆಂದೂ ಹೇಳಿದಳು.

“ಇದನ್ನ ಮೊದಲೇ ಹೇಳ್ಬಾರ್ದಾಗಿತ್ತಾ?”

“ಹೇಳಿದ್ದೆ. ನೀವು ಮೀನಿನ ವಿಷಯ ಮಾತಾಡ್ತಿದ್ರಿ.”

ಮರುದಿನ ಅವನು ಊರೆಲ್ಲ ಸುತ್ತಿ ನೋವಿನ ಎಣ್ಣೆ ಹುಡುಕಿದ, ಕೇಕಿನ ಅಂಗಡಿಯಲ್ಲಿ ಗೃಹಿಣಿಯರ ನಡುವೆ ನಿಂತು ಅತ್ಯಂತ ತೆಳು ಪದರದ ಕೇಕನ್ನೇ ಆರಿಸಿದ. ಸಂಜೆ ತಾನಾಗಿ ಫೋನು ಮಾಡಿದ. ಮಾತು ಒಂದೂವರೆ ಗಂಟೆ ನಡೆದು ಫೋನಿನ ಚಾರ್ಜು ಮುಗಿದಾಗಲೇ ನಿಂತಿತು.

ಸೋಮವಾರ ಮನೆಯಲ್ಲಿ ಊಟ ಮುಗಿಯಿತು. ಗಿಳಿಗಳ ಅಂಗಿಯಲ್ಲಿ ಸೋಫಾದ ಮೇಲೆ ವಿರಾಜಮಾನನಾದ ಜುನೈದಿ, “ನೋಡು, ಆಗಿದ್ದೇನಂದ್ರೆ, ದೋಣಿ ಹೊರಡಿಸೋದೂ ಬಸ್ ಹೊರಡಿಸೋದೂ ಒಂದೇ. ಮುಂದಿನ ಸಲ ನಾನೇ...” ಎಂದು ಆರಂಭಿಸಿದ. ಮಸ್ತುರಾ ಎದ್ದು ಅಡುಗೆಮನೆಗೆ ಹೋದಳು. ಅರೆನಿಮಿಷದಲ್ಲಿ ಅವನ ಫೋನು ಬಡಿದುಕೊಂಡಿತು. ಅವಳದೇ ಹೆಸರು.

“ಎಲ್ಲಿಂದ ಮಾಡ್ತಿದೀಯೇ?”

“ಅಡುಗೆಮನೆಯಿಂದ.”

“ಹತ್ತು ಹೆಜ್ಜೆ ಇಲ್ಲ. ಇಲ್ಲೇ ಬಂದು ಹೇಳ್ಬಾರ್ದಾ?”

“ಎದುರಿಗೆ ಕೂತ್ರೆ ನೀವು ಮಾತಾಡ್ತೀರಿ” ಎಂದಳು ಮಸ್ತುರಾ. “ಫೋನಲ್ಲಾದ್ರೆ ಕೇಳ್ತೀರಿ.”

ಜುನೈದಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, “ಹೇಳು” ಎಂದ.